ತೆರೆ ಎಳೆದವರು ತಿರುಗಿ ಬಂದಾಗ

ಶ್ರೀಕೃಷ್ಣ ಪಾರಿಜಾತ ನೋಡುತ್ತ ಬೆಳೆದ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನಕ್ಕೆ ಹಿಮ್ಮೇಳವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು. ಕತೆ ಇಷ್ಟೇ. ಇಷ್ಟು ಸಣ್ಣ ಕತೆಯನ್ನು ಕೋಳಿ ಕೂಗುವ ತನಕ ಎತ್ತಿ ಹಿಡಿಯುವವರು ಮಾತ್ರ ಹಿಂದೆ ನಿಂತ ನಾಲ್ಕಾರು ಮಂದಿ. ಭಾಮೆ ಒಂದು ಸಾಲು ಎತ್ತಿಕೊಟ್ಟರೆ ಸಾಕು, ಹಾರ್ಮೋನಿಯಂ, ತಬಲಾ, ತಾಳದವರು ಅದನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಆಕೆ ಉಸಿರು ತೆಗೆದುಕೊಂಡು ಮುಂದಿನ ಮಾತಿಗೆ ಸಿದ್ಧಳಾಗುವವರೆಗೆ ಹಾಡು ನೆಲಕ್ಕೆ ಬೀಳದಂತೆ ನೋಡಿಕೊಳ್ಳುವ ಹೊಣೆ ಅವರದು.

ಪಾರಿಜಾತವನ್ನು ಈ ಭಾಗದಲ್ಲಿ ಮನೆಮಾತಾಗಿಸಿದ ಕುಲಗೋಡ ತಮ್ಮಣ್ಣನ ಹೆಸರು ಇಂದಿಗೂ ಉಳಿದಿದೆ. ಹೆಂಗಸರು ರಂಗಕ್ಕೆ ಬರುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಕುಣಿದು ಹಾಡಿದ ಕೌಜಲಗಿ ನಿಂಗಮ್ಮನ ಹೆಸರೂ ಉಳಿದಿದೆ. ಅವರ ಹಿಂದೆ ನಿಂತು ರಾತ್ರಿಯಿಡೀ ಹಾಡಿದವರ ಹೆಸರು? ಊರಿನ ಹಿರಿಯರನ್ನು ಕೇಳಿದರೆ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡಾರು, ಅಷ್ಟೆ.

ಇದು ಪಾರಿಜಾತದ ಒಂದೇ ಮಾತಲ್ಲ. ನಾಟಕದ ತಂಡವಿರಲಿ, ವಚನ ಗಾಯನದ ಮೇಳವಿರಲಿ, ಜಾತ್ರೆಯಿಂದ ಜಾತ್ರೆಗೆ ಅಲೆಯುವ ವಾದ್ಯಗೋಷ್ಠಿಯಿರಲಿ, ಭಿತ್ತಿಪತ್ರದ ಮೇಲೆ ಹೆಸರಿರುವವರು ನಾಲ್ವರಾದರೆ ಆ ಭಿತ್ತಿಪತ್ರವನ್ನು ಅಂಟಿಸುವವರು, ಪೆಟ್ಟಿಗೆ ಹೊರುವವರು, ದೀಪ ಕಟ್ಟುವವರು, ಧ್ವನಿವರ್ಧಕ ನೋಡಿಕೊಳ್ಳುವವರು ಹತ್ತು ಮಂದಿ. ಅವರಲ್ಲಿ ಬಹಳಷ್ಟು ಜನ ಹದಿನೆಂಟು, ಇಪ್ಪತ್ತರ ಹುಡುಗರು. ಈಗೀಗ ಹುಡುಗಿಯರೂ ಇದ್ದಾರೆ. ಪಿಯುಸಿ ಮುಗಿಸಿಯೋ ಪದವಿ ಅರ್ಧಕ್ಕೆ ನಿಲ್ಲಿಸಿಯೋ ಹೋದವರು. ನಾಲ್ಕೈದು ತಿಂಗಳು ನಾಡು ಸುತ್ತಿ ಒಂದು ದಿನ ಅವರು ಮನೆಗೆ ಬರುತ್ತಾರೆ. ಹೋಗುವಾಗ ಬೀಳ್ಕೊಡುಗೆ, ಬೈಗುಳ, ಕಣ್ಣೀರು ಎಲ್ಲ ಇರುತ್ತವೆ. ಬರುವುದು ಹೇಗಿರುತ್ತದೆಂದು ಯೋಚಿಸಿದವರು ಕಡಿಮೆ.

ಬಸ್ಸಿಳಿದ ಮೇಲೆ

ಬೆಳಗಾವಿಯಿಂದ ಕೊಲ್ಲಾಪುರದತ್ತ ಹೋಗುವ ಹೆದ್ದಾರಿಯ ಪಕ್ಕದ ಊರು ಯಮಕನಮರಡಿ. ಪುಣೆ, ಬೆಂಗಳೂರುಗಳ ನಡುವೆ ರಾತ್ರಿಯಿಡೀ ವಾಹನಗಳು ಹರಿಯುವ ದಾರಿ ಅದು. ತಂಡದ ಕೆಲಸ ಮುಗಿಸಿದ ಹುಡುಗ ಇಂಥ ಊರಿನಲ್ಲಿ ಬಸ್ಸಿಳಿಯುವುದು ಸಾಮಾನ್ಯವಾಗಿ ನಸುಕಿನಲ್ಲಿಯೇ. ಹೆಗಲ ಮೇಲೊಂದು ಚೀಲ, ಅಂಗೈ ತುಂಬ ಹಗ್ಗದ ಗುರುತು.

ಮೊದಲ ಎರಡು ದಿನ ಎಲ್ಲ ಚೆನ್ನಾಗಿಯೇ ಇರುತ್ತದೆ. ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು. ಆಮೇಲೆ ಪ್ರಶ್ನೆಗಳು ಶುರು. "ಏನ್ ಪಾರ್ಟ್ ಮಾಡಿದ್ಯೋ?" ಎಂಬುದು ಮೊದಲನೆಯದು. ಪಾರ್ಟಿಲ್ಲ, ದೀಪ ನೋಡಿಕೊಳ್ಳುತ್ತಿದ್ದೆ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. "ಟಿವ್ಯಾಗ ಬರ್ತದೇನು?" ಎಂಬುದು ಎರಡನೆಯದು. ಮೂರನೆಯದನ್ನು ಸಾಮಾನ್ಯವಾಗಿ ತಂದೆಯೇ ಕೇಳುತ್ತಾನೆ. ತಿಂಗಳಿಗೆ ಪಗಾರ ಎಷ್ಟು ಬಿತ್ತು ಎಂದು. ಈ ಮೂರಕ್ಕೂ ಹುಡುಗನ ಬಳಿ ಹೇಳಿಕೊಳ್ಳುವಂಥ ಉತ್ತರವಿರುವುದಿಲ್ಲ. ಹೇಳಲು ಬಹಳಷ್ಟಿದೆ, ಆದರೆ ಅದನ್ನು ಯಾರೂ ಕೇಳುವುದಿಲ್ಲ.

ನಿದ್ದೆಯ ತೊಂದರೆ ಬೇರೆ. ತಿಂಗಳುಗಟ್ಟಲೆ ನಡುರಾತ್ರಿ ಎರಡಕ್ಕೆ ಪೆಟ್ಟಿಗೆ ಕಟ್ಟಿ, ವಾಹನದಲ್ಲಿ ಒರಗಿ, ಬೆಳಿಗ್ಗೆ ಇನ್ನೊಂದು ಊರಿನಲ್ಲಿ ಕಣ್ಣು ಬಿಟ್ಟ ದೇಹ ಅದು. ಮನೆಯಲ್ಲಿ ಎಲ್ಲರೂ ಮಲಗಿದಾಗ ಅವನು ಎದ್ದಿರುತ್ತಾನೆ, ಎಲ್ಲರೂ ಹೊಲಕ್ಕೆ ಹೊರಟಾಗ ಮಲಗಿರುತ್ತಾನೆ. ಇದನ್ನು ಕಂಡ ನೆರೆಯವರು ಹುಡುಗ ಕೆಟ್ಟನೆಂದು ತೀರ್ಮಾನ ಕೊಟ್ಟುಬಿಡುತ್ತಾರೆ. ರಾತ್ರಿ ಪಾಳಿ ಮಾಡಿ ಬಂದ ಗಿರಣಿ ಕೆಲಸಗಾರ ಹಗಲು ಮಲಗಿದರೆ ಗೋಕಾಕದ ಯಾವ ಮನೆಯಲ್ಲಿಯೂ ಬೈಯುವುದಿಲ್ಲ. ತಂಡದ ಹುಡುಗನಿಗೆ ಆ ರಿಯಾಯಿತಿ ಯಾಕಿಲ್ಲವೋ!

ಹಾಗೆಯೇ ಗದ್ದಲದ ಚಟ. ಹದಿನೈದು, ಇಪ್ಪತ್ತು ಮಂದಿ ಒಂದೇ ಸಾರಿಗೆ ಉಂಡು, ಜಗಳಾಡಿ, ಒಂದೇ ಶಾಲೆಯ ಕೋಣೆಯಲ್ಲಿ ಸಾಲಾಗಿ ಮಲಗಿದ ಮೇಲೆ ಸ್ವಂತ ಮನೆಯ ಪಡಸಾಲೆ ಬಿಕೋ ಎನ್ನುತ್ತದೆ. ಇದು ಪ್ರೀತಿ ಕಡಿಮೆಯಾದ ಲಕ್ಷಣವಲ್ಲ. ಹತ್ತು, ಹದಿನೈದು ದಿನ ಬಿಟ್ಟರೆ ಸಾಮಾನ್ಯವಾಗಿ ತಾನೇ ತಹಬಂದಿಗೆ ಬರುತ್ತದೆ.

ಅವನು ಮಾಡಿದ್ದೇನು?

ಪಾಲಕರು ಕೇಳಬೇಕಾದ ಪ್ರಶ್ನೆ ಇದು. ಉದಾಹರಣೆಗೆ ದೀಪದ ಕೆಲಸವನ್ನೇ ತೆಗೆದುಕೊಳ್ಳೋಣ.

ರಂಗಕ್ಕೆ ಬಳಸುವ ಹಳೆಯ ಮಾದರಿಯ ದೊಡ್ಡ ದೀಪವೊಂದು 1000 ವ್ಯಾಟ್‌ನದು. 230 ವೋಲ್ಟ್ ಇದ್ದರೆ ಅದು ಸುಮಾರು ನಾಲ್ಕೂಕಾಲು ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಹಳ್ಳಿಯ ಶಾಲೆಯ ಗೋಡೆಯಲ್ಲಿರುವ 15 ಆಂಪಿಯರ್ ಪಾಯಿಂಟಿಗೆ ಇಂಥ ಮೂರು ದೀಪ ಹಾಕಬಹುದು. ನಾಲ್ಕನೆಯದನ್ನು ಹಾಕಿದರೆ ಫ್ಯೂಸ್ ಹೋಗುತ್ತದೆ, ಫ್ಯೂಸಿಗೆ ದಪ್ಪ ತಂತಿ ಸುತ್ತಿದ್ದರೆ ಅದಕ್ಕಿಂತ ಕೆಟ್ಟದ್ದೇನಾದರೂ ಆಗುತ್ತದೆ. ಹನ್ನೆರಡು ದೀಪ ಬೇಕಾದರೆ? ಒಟ್ಟು ಐವತ್ತೆರಡು ಆಂಪಿಯರ್. ಆಗ ಮೂರು ಫೇಸ್ ಸಂಪರ್ಕ ಹುಡುಕಿ ಫೇಸಿಗೆ ನಾಲ್ಕರಂತೆ ದೀಪಗಳನ್ನು ಹಂಚಬೇಕು. ಒಂದು ಫೇಸಿನ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ ಆಗಬಾರದು. ಪಂಪ್‌ಸೆಟ್ಟಿಗೆ ಮೂರು ಫೇಸ್ ಯಾವಾಗ ಬರುತ್ತದೆಂದು ಕಾಯ್ದು ಕುಳಿತ ರೈತನ ಮಗನಿಗೆ ಈ ವಿದ್ಯೆ ಬಲುಬೇಗ ತಲೆಗೆ ಹತ್ತುತ್ತದೆ. ಪೇಟೆಯ ಹುಡುಗನಿಗೆ ಸ್ವಲ್ಪ ತಡ.

ಮುಂದಿನ ತೊಡಕು ವೋಲ್ಟೇಜಿನದು. ಸಂಜೆ ಊರಿನವರೆಲ್ಲ ದೀಪ ಹಾಕಿದೊಡನೆ ವೋಲ್ಟೇಜ್ ಇಳಿಯುತ್ತದೆ. ತಂತಿ ಕಾದು ಬೆಳಗುವ ದೀಪಕ್ಕೆ ವೋಲ್ಟೇಜ್ ಶೇಕಡ 10ರಷ್ಟು ಇಳಿದರೆ ಬೆಳಕು ಶೇಕಡ 10 ಇಳಿಯುವುದಿಲ್ಲ, ಸುಮಾರು 30 ಇಳಿಯುತ್ತದೆ. ಬಿಳಿಯ ಬೆಳಕು ಕೆಂಪಿಗೆ ತಿರುಗುತ್ತದೆ. ಬೆಳದಿಂಗಳೆಂದು ತೋರಿಸಬೇಕಾದದ್ದು ಒಲೆಯ ಬೆಳಕಿನಂತಾಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮರೆತದ್ದನ್ನು ಹುಡುಗ ಇಲ್ಲಿ ಕಣ್ಣಾರೆ ಕಂಡು ಅಲ್ಲಿಯೇ ಪರಿಹಾರವನ್ನೂ ಹುಡುಕಬೇಕು. ಇತ್ತೀಚೆಗೆ ಎಲ್‌ಇಡಿ ದೀಪಗಳು ಬಂದು ವಿದ್ಯುತ್ತಿನ ಹೊರೆ ಎಷ್ಟೋ ತಗ್ಗಿದೆ ನಿಜ. ಆದರೆ ಜಾತ್ರೆಯ ಬಯಲಿನಲ್ಲಿ ಕೇಬಲ್ ಎಳೆಯುವ, ಬೆಸುಗೆ ನೋಡುವ, ನೆಲಸಂಪರ್ಕ ಕೊಡುವ ಕೆಲಸ ತಗ್ಗಿಲ್ಲ.

ಧ್ವನಿಯ ಕೆಲಸದಲ್ಲಿಯೂ ಹೀಗೆಯೇ. ಶಬ್ದ ಒಂದು ಸೆಕೆಂಡಿಗೆ ಹೆಚ್ಚು ಕಡಿಮೆ 340 ಮೀಟರ್ ಓಡುತ್ತದೆಂದು ಎಲ್ಲರೂ ಓದಿರುತ್ತಾರೆ. ಬಯಲಿನ ತುದಿಯಲ್ಲಿ, ವೇದಿಕೆಯಿಂದ 34 ಮೀಟರ್ ದೂರದಲ್ಲಿ, ಇನ್ನೊಂದು ಧ್ವನಿವರ್ಧಕ ಇಟ್ಟರೆ ಅಲ್ಲಿ ಕುಳಿತವರಿಗೆ ಹಾಡು ಎರಡೆರಡು ಸಲ ಕೇಳುತ್ತದೆ. ತಂತಿಯಲ್ಲಿ ಬಂದದ್ದು ಮೊದಲು, ಗಾಳಿಯಲ್ಲಿ ಬಂದದ್ದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿ. ಹಾಡುವವರ ಸ್ಪಷ್ಟ ಉಚ್ಚಾರವೆಲ್ಲ ಕಲಸಿದ ಅಂಬಲಿಯಾಗುತ್ತದೆ. ಇದನ್ನು ಸರಿಪಡಿಸಿದವನನ್ನು ಯಾರೂ ಹೊಗಳುವುದಿಲ್ಲ, ಏಕೆಂದರೆ ಸರಿಯಾದಾಗ ಅದು ಯಾರ ಗಮನಕ್ಕೂ ಬರುವುದಿಲ್ಲ. ಮೈಕು ಕುಂಯ್ ಎಂದಾಗ ಮಾತ್ರ ಸಾವಿರ ಮುಖಗಳು ಅವನತ್ತ ಹೊರಳುತ್ತವೆ.

ಇದೆಲ್ಲ ಯಂತ್ರದ ಮಾತಾಯಿತು. ದಿನಕ್ಕೊಂದು ಊರು, ಊರಿಗೊಬ್ಬ ಸಂಘಟಕ. ಒಪ್ಪಿಕೊಂಡ ಮೇಜು ಬಂದಿರುವುದಿಲ್ಲ, ಕರೆಂಟಿನವನು ಸಿಗುವುದಿಲ್ಲ, ಮುಖ್ಯ ಅತಿಥಿಯ ಭಾಷಣ ಮುಗಿಯುವುದಿಲ್ಲ. ಗೊತ್ತಿಲ್ಲದ ಊರಿನಲ್ಲಿ ಯಾರ ಮನಸ್ಸನ್ನೂ ನೋಯಿಸದೆ ಏಳು ಗಂಟೆಗೆ ತೆರೆ ಏಳುವಂತೆ ಮಾಡುವುದು ಸಣ್ಣ ಕೆಲಸವೇ? ಕಾಲೇಜಿನ ಯಾವ ತರಗತಿಯಲ್ಲಿಯೂ ಇದಕ್ಕೆ ಪಾಠವಿಲ್ಲ.

ಎರಡು ಪಂಚಾಂಗ

ತಿರುಗಾಟ ಎಂಬ ಮಾತು ಯಕ್ಷಗಾನ ಮೇಳಗಳದು. ದೀಪಾವಳಿಯ ಆಚೀಚೆ ಗೆಜ್ಜೆ ಕಟ್ಟಿ ಹೊರಟ ಕರಾವಳಿಯ ಮೇಳಗಳು ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲ. ಚೌಕಿಯಲ್ಲಿ ವೇಷದ ಪೆಟ್ಟಿಗೆ ಕಾಯುತ್ತಿದ್ದವನಿಗೂ ರಾಜವೇಷ ಕಟ್ಟುತ್ತಿದ್ದವನಿಗೂ ಮನೆಯಲ್ಲಿ ಕಾದಿರುತ್ತಿದ್ದದ್ದು ಒಂದೇ, ಗದ್ದೆಯ ಕೆಲಸ. ಉತ್ತರ ಕರ್ನಾಟಕದಲ್ಲಿಯೂ ಪಾರಿಜಾತ, ಸಣ್ಣಾಟಗಳಿಗೆ ಸುಗ್ಗಿ ಮುಗಿದ ಮೇಲಿನ ತಿಂಗಳುಗಳೇ ಹಂಗಾಮು. ರೋಹಿಣಿ ಮಳೆಯ ಮಾತು ಶುರುವಾದೊಡನೆ ಆಟದವರು ಕೂರಿಗೆ ಹುಡುಕುತ್ತಿದ್ದರು. ಮೊನ್ನೆಯವರೆಗೆ ಕೃಷ್ಣನಾಗಿದ್ದವನು ಇಂದು ಎತ್ತಿನ ಹಿಂದೆ. ಅವನು ಏನಾದನೆಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಅವನು ಬರುವುದೂ ಮಳೆ ಬರುವುದೂ ಒಟ್ಟಿಗೇ ಗೊತ್ತಿದ್ದ ಸಂಗತಿ.

ಅಂದರೆ ಕಲೆಯ ಪಂಚಾಂಗ, ಹೊಲದ ಪಂಚಾಂಗ ಎರಡೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಮನೆಗೆ ಬಂದವನಿಗೆ ಅಲ್ಲೊಂದು ಜಾಗ ಕಾದಿರುತ್ತಿತ್ತು.

ಇಂದಿನ ಹುಡುಗ ಸಿಕ್ಕಿಕೊಂಡದ್ದು ಇಲ್ಲಿಯೇ. ಅವನ ತಂಡದ ಪ್ರವಾಸ ಮುಗಿಯುವುದು ಮಾಘವೋ ಫಾಲ್ಗುಣವೋ ಆದರೆ ಕಾಲೇಜಿನ ಬಾಗಿಲು ತೆರೆಯುವುದು ಮುಂಗಾರು ಬಂದ ಮೇಲೆ. ವಾರಿಗೆಯವರು ಪರೀಕ್ಷೆಯ ತಯಾರಿಯಲ್ಲಿರುತ್ತಾರೆ, ಇವನಿಗೆ ಪರೀಕ್ಷೆಯಿಲ್ಲ. ಹೊಲ ಮಳೆಗಾಗಿ ಕಾದಿದೆ. ಮೂರು, ನಾಲ್ಕು ತಿಂಗಳು ಯಾವ ಪಂಚಾಂಗದಲ್ಲಿಯೂ ಇಲ್ಲದ ದಿನಗಳು. ಮನೆಯ ಜಗಳಗಳೆಲ್ಲ ಹುಟ್ಟುವುದು, ಅವಸರದ ನಿರ್ಧಾರಗಳೆಲ್ಲ ಆಗುವುದು ಈ ಕಾಲದಲ್ಲಿ. ಒಂದೋ ತಂದೆ ಸಿಕ್ಕ ಯಾವುದೋ ಕೆಲಸಕ್ಕೆ ಕಳಿಸುತ್ತಾನೆ, ಇಲ್ಲವೇ ಹುಡುಗ ಸಿಕ್ಕ ಯಾವುದೋ ತಂಡದ ಲಾರಿ ಹತ್ತುತ್ತಾನೆ.

ಮರಳಿದವರು, ಮರಳದವರು

ಬಂಟ್ವಾಳ ತಾಲ್ಲೂಕಿನ ಮಂಚಿಯ ಬಳಿಯ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅವರ ಬಾಳಿನ ದಿಕ್ಕು ಬದಲಾಗಲು ಕಂಪನಿಯ ದೀಪಗಳಷ್ಟೇ ಕಾರಣವಲ್ಲ. ಗುಬ್ಬಿ ವೀರಣ್ಣನವರು ಆ ಹುಡುಗನನ್ನು ಓದಲೆಂದು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿಯಲ್ಲಿ ಎಂ.ಎ., ಓಂಕಾರನಾಥ ಠಾಕೂರರಲ್ಲಿ ಸಂಗೀತ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1977ರಲ್ಲಿ ಅದೇ ಶಾಲೆಗೆ ಅವರು ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಮನೆ ಬಿಟ್ಟು ಓಡಿದರೆ ಕಾರಂತರಾಗಬಹುದೆಂದು ಯಾರೂ ತಿಳಿಯಬಾರದು. ಓಡಿದ ಹುಡುಗನನ್ನು ಓದಿಗೆ ಹಚ್ಚಿದ ಯಜಮಾನನೊಬ್ಬನಿದ್ದ ಎಂಬುದನ್ನು ಗಮನಿಸಬೇಕು. ಕಾರಂತರು ಹೇಳಿ, ವೈದೇಹಿಯವರು ಬರೆದುಕೊಂಡ ಅವರ ಆತ್ಮಕತೆಯ ಹೆಸರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ತಿರುಗಾಟ ಮುಗಿಸಿ ಪಡಸಾಲೆಯಲ್ಲಿ ಕುಳಿತ ಹುಡುಗನಿಗೆ ಆ ಹೆಸರು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದಾರಿ ಕೆ.ವಿ. ಸುಬ್ಬಣ್ಣನವರದು. ಮೈಸೂರಿನಲ್ಲಿ ಪದವಿ ಮುಗಿಸಿದವರು ಪೇಟೆಯಲ್ಲಿ ನಿಲ್ಲಲಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಮರಳಿ, ಅಡಿಕೆ ತೋಟ ನೋಡಿಕೊಳ್ಳುತ್ತಲೇ 1949ರಲ್ಲಿ ಹುಟ್ಟಿದ್ದ ನೀನಾಸಂ ಎಂಬ ಊರಿನ ನಾಟಕ ಸಂಘವನ್ನು ಬೆಳೆಸಿದರು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. 1985ರಲ್ಲಿ ತಿರುಗಾಟ ಹೊರಟಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾಡಿನವರೆಲ್ಲ ಹೆಗ್ಗೋಡು ಎಲ್ಲಿದೆಯೆಂದು ನಕ್ಷೆ ನೋಡುವಂತಾಯಿತು. ತಿರುಗಾಟದ ತಂಡದಲ್ಲಿ ನಟನೆಂದೂ ಕೂಲಿಯೆಂದೂ ಭೇದವಿಲ್ಲ. ರಾತ್ರಿ ರಾಜನಾದವನೇ ಬೆಳಿಗ್ಗೆ ಪೆಟ್ಟಿಗೆ ಇಳಿಸಿ ರಂಗ ಕಟ್ಟುತ್ತಾನೆ, ದೀಪ ಏರಿಸುತ್ತಾನೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಆರಂಭವಾದ ಶಿವಸಂಚಾರವೂ ಇದೇ ಜಾಡಿನದು. ಇಂಥ ತಂಡಗಳಿಂದ ಬಂದವರು ತಮ್ಮ ತಮ್ಮ ಊರುಗಳಲ್ಲಿ ಮಕ್ಕಳ ಶಿಬಿರ ನಡೆಸಿದ್ದಾರೆ, ಹವ್ಯಾಸಿ ತಂಡ ಕಟ್ಟಿದ್ದಾರೆ. ಕೈಗೆ ಕೆಲಸವಿಲ್ಲದೆ ಸೊರಗಿದವರೂ ಇದ್ದಾರೆ. ಅದನ್ನು ಮುಚ್ಚಿಟ್ಟರೆ ಪಾಲಕರಿಗೆ ಮೋಸ ಮಾಡಿದಂತೆ.

ಹಿಂದೆ ಕುಳಿತೇ ಬದುಕು ಕಳೆದವರ ಮಾತೂ ಬರಬೇಕು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕಛೇರಿ ಎಲ್ಲಿದ್ದರೂ ಅವರ ಹಿಂದೆ ಮಗಳು ಕೃಷ್ಣಾ ಹಾನಗಲ್ಲ ಇರುತ್ತಿದ್ದರು. ತಾಯಿಯ ಘನವಾದ ದನಿ ನಿಂತಲ್ಲಿ ಮಗಳ ದನಿ ಸುರುವಾಗುತ್ತಿತ್ತು. ದಶಕಗಳ ಕಾಲ ಹಾಗೆ ಹಾಡಿದ ಕೃಷ್ಣಾ 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಸ್ವತಃ ಒಳ್ಳೆಯ ಗಾಯಕಿಯಾಗಿದ್ದ ಅವರನ್ನು ಬಹುಪಾಲು ಕೇಳುಗರು ಬಲ್ಲದ್ದು 'ಹಿಂದೆ ಕುಳಿತವರು' ಎಂದೇ.

ಪಾಲಕರು ಏನು ಮಾಡಬಹುದು?

ಮೊದಲನೆಯದಾಗಿ, ಹೋಗುವಾಗಲೇ ಬರುವುದರ ಲೆಕ್ಕ ಹಾಕಬೇಕು. ಪ್ರವಾಸ ಯಾವ ತಿಂಗಳಿಗೆ ಮುಗಿಯುತ್ತದೆ, ಕಾಲೇಜಿನ ಅರ್ಜಿ ಯಾವಾಗ, ನಡುವಿನ ದಿನಗಳಲ್ಲಿ ಏನು ಎಂಬುದನ್ನು ಮನೆಯಲ್ಲಿ ಕುಳಿತು ಮಾತಾಡಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ತಿಂಗಳ ಗೌರವಧನ, ಊಟ, ವಸತಿ, ಪ್ರಯಾಣ, ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು ಎಂಬುದನ್ನು ತಂಡದವರಿಂದ ಬರವಣಿಗೆಯಲ್ಲಿ ಪಡೆಯಬೇಕು. ಸಂಕೋಚ ಬೇಡ. ಎತ್ತರದಲ್ಲಿ ನಿಂತು ಕರೆಂಟಿನ ಕೆಲಸ ಮಾಡುವ ಮಗನ ವಿಷಯ ಇದು.

ಓದು ಬಿಡುವ ಅಗತ್ಯವೂ ಇಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿಯೇ ಆರಂಭವಾಗಿದೆ. ತಿರುಗಾಡುವವರಿಗೆ ದೂರಶಿಕ್ಷಣದ ಪದವಿ ಹೇಳಿಮಾಡಿಸಿದಂತಿದೆ. ಮುಂದೆ ರಾಷ್ಟ್ರೀಯ ನಾಟಕ ಶಾಲೆಯಂಥ ಕಡೆ ಸೇರಬೇಕೆಂದರೆ ಪದವಿಯೂ ಬೇಕು, ರಂಗದಲ್ಲಿ ದುಡಿದ ಅನುಭವವೂ ಬೇಕು. ದೀಪ, ಧ್ವನಿಯಲ್ಲಿ ಕೈಪಳಗಿದವರು ಐಟಿಐ ಸೇರಿ ವಿದ್ಯುತ್ ಕೆಲಸಗಾರರ ಪ್ರಮಾಣಪತ್ರ ಪಡೆದರೆ ನಾಟಕವಿಲ್ಲದ ತಿಂಗಳುಗಳಲ್ಲಿಯೂ ಅನ್ನಕ್ಕೆ ದಾರಿಯಾಗುತ್ತದೆ. ಹುಕ್ಕೇರಿ ತಾಲ್ಲೂಕಿನವರಿಗೆ ಈ ಮಾತು ದೂರದ್ದೇನಲ್ಲ. ಹಳ್ಳಿಗಳಿಗೆ ವಿದ್ಯುತ್ ಹಂಚಲು ದೇಶದಲ್ಲಿ ಮೊದಮೊದಲು ಪ್ರಯೋಗವಾಗಿ ಕಟ್ಟಿದ ಕೆಲವೇ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೂ ಒಂದು, 1969ರಷ್ಟು ಹಳೆಯದು. ಕಂಬ, ತಂತಿ, ಮೀಟರಿನ ಮಾತು ಇಲ್ಲಿನ ಮನೆಗಳಲ್ಲಿ ಹೊಸತಲ್ಲ.

ಎರಡನೆಯದು ಇನ್ನೂ ಸುಲಭ. ಮಗ ಬಂದ ವಾರದೊಳಗೆ ಯಾವ ಯಾವ ಊರಿಗೆ ಹೋಗಿದ್ದೆ, ಎಲ್ಲಿ ಕರೆಂಟು ಹೋಯಿತು, ಆಗ ಏನು ಮಾಡಿದೆ ಎಂದು ಕೇಳಿದರೆ ಸಾಕು. ಪಗಾರದ ಪ್ರಶ್ನೆಯನ್ನು ಆಮೇಲೆ ಕೇಳಬಹುದು. ಶಾಲೆಯ ಗ್ಯಾದರಿಂಗಿಗೆ ಪ್ರತಿವರ್ಷ ಹಣ ಕೊಟ್ಟು ದೂರದಿಂದ ದೀಪ, ಧ್ವನಿಯವರನ್ನು ಕರೆಸುವ ಮಾಸ್ತರರು ಊರಲ್ಲಿಯೇ ಕುಳಿತ ಇವನನ್ನು ಒಮ್ಮೆ ಕರೆದು ನೋಡಬಹುದು. ಜಾತ್ರೆಯ ಕಮಿಟಿಯವರಿಗೂ ಇದೇ ಮಾತು. ಪಾರಿಜಾತದ ಹಿರಿಯ ಹಾಡುಗಾರರು ಇನ್ನೂ ಇರುವ ಊರುಗಳಲ್ಲಿ ಅವರ ಹಾಡುಗಳನ್ನು ಸ್ವಚ್ಛವಾಗಿ ಧ್ವನಿಮುದ್ರಿಸಿಡಲು ಮೈಕಿನ ದೂರ, ಗಾಳಿಯ ದಿಕ್ಕು ಬಲ್ಲ ಕೈ ಬೇಕು. ಮಾಘದಿಂದ ಮುಂಗಾರಿನವರೆಗಿನ ಖಾಲಿ ತಿಂಗಳುಗಳು ಅದಕ್ಕೆ ಸಾಲುತ್ತವೆ.

ಹುಡುಗರಿಗೂ ಒಂದು ಮಾತು. ತಂಡ ಚದುರುವ ಮೊದಲೇ ಮುಖ್ಯಸ್ಥರಿಂದ ಪತ್ರವೊಂದನ್ನು ಬರೆಸಿಕೊಳ್ಳಬೇಕು. 'ತಂಡದಲ್ಲಿದ್ದರು' ಎಂದಷ್ಟೇ ಇದ್ದರೆ ಅದರಿಂದ ಪ್ರಯೋಜನವಿಲ್ಲ. ಎಷ್ಟು ಪ್ರಯೋಗ, ಎಷ್ಟು ಊರು, ಯಾವ ವಿಭಾಗದ ಹೊಣೆ, ಎಷ್ಟು ದೀಪಗಳ ವ್ಯವಸ್ಥೆ ಎಂಬುದೆಲ್ಲ ಅದರಲ್ಲಿರಬೇಕು. ದಿನಚರಿ ಬರೆದಿಟ್ಟವರಿಗೆ ಇದು ಹತ್ತು ನಿಮಿಷದ ಕೆಲಸ. ಕೊನೆಯ ಪ್ರಯೋಗದ ರಾತ್ರಿ ಎಲ್ಲರೂ ಅಪ್ಪಿಕೊಂಡು ಅಳುತ್ತಿರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ಪತ್ರದ ನೆನಪು ಯಾರಿಗೂ ಇರುವುದಿಲ್ಲ. ಅದಕ್ಕೇ ಒಂದು ವಾರ ಮೊದಲೇ ಕೇಳುವುದು ಮೇಲು.